ಮೊಬೈಲ್ ವಿಡಿಯೊ ಟಿವಿಯಲ್ಲಿ ನೋಡಿದರೆ ಡೇಟಾ ಖರ್ಚಾಗುವುದಿಲ್ಲವೇ?

ಕೊಟ್ಟೂರಿನ ತೇರು, ಮೈಲಾರದ ಕಾರ್ಣಿಕ, ಅಂಕಸಮುದ್ರದ ಹಕ್ಕಿಗಳು, ಮನೆಯ ಮದುವೆ. ಹಗಲು ಮೊಬೈಲ್‌ನಲ್ಲಿ ಹಿಡಿದದ್ದನ್ನು ರಾತ್ರಿ ಮನೆಮಂದಿಯೆಲ್ಲ ಕೂತು ಟಿವಿಯಲ್ಲಿ ನೋಡುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮನೆಗಳಲ್ಲೂ ಈಗ ಹೊಸದೇನಲ್ಲ. ಇದರ ಬಗ್ಗೆ ವಾಟ್ಸಾಪ್‌ನಲ್ಲಿ ಮೂರು ಬಗೆಯ ಮಾತುಗಳು ಓಡಾಡುತ್ತವೆ. ‘ಕಾಸ್ಟ್ ಮಾಡಿದರೆ ಡೇಟಾ ಖರ್ಚಾಗುವುದಿಲ್ಲ.’ ‘ನೆಟ್ ಇಲ್ಲದಿದ್ದರೆ ಟಿವಿಗೆ ಏನೂ ಹೋಗುವುದಿಲ್ಲ.’ ‘ಈ ಲಿಂಕ್ ಒತ್ತಿ ಆ್ಯಪ್ ಹಾಕಿಕೊಳ್ಳಿ, ಯಾವ ಟಿವಿಯಲ್ಲಾದರೂ ಎಲ್ಲವೂ ಉಚಿತ.’

ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸತ್ಯ. ಮೂರನೆಯದು ಅಪಾಯ. ಮೂರಕ್ಕೂ ಉತ್ತರ ಹುಡುಕಲು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಟಿವಿಯಲ್ಲಿ ಕಾಣುತ್ತಿರುವುದು ಎಲ್ಲಿಂದ ಬರುತ್ತಿದೆ?

ಕಾಸ್ಟ್ ಬೇರೆ, ಮಿರರಿಂಗ್ ಬೇರೆ

ಕಿರಾಣಿ ಅಂಗಡಿಯಿಂದ ಸಾಮಾನು ತರಲು ಎರಡು ದಾರಿಗಳಿವೆ. ಚೀಟಿ ಬರೆದು ಬೇರೆಯವರ ಕೈಯಲ್ಲಿ ತರಿಸಬಹುದು, ಇಲ್ಲವೇ ನಾವೇ ಹೋಗಿ ಹೊತ್ತು ತರಬಹುದು.

ಕಾಸ್ಟ್ ಎಂದರೆ ಚೀಟಿ ಕೊಟ್ಟಂತೆ. ಯೂಟ್ಯೂಬ್‌ನಲ್ಲಿ ಕಾಸ್ಟ್ ಗುರುತನ್ನು ಒತ್ತಿದಾಗ ಫೋನು ವಿಡಿಯೊವನ್ನು ಕಳಿಸುವುದಿಲ್ಲ. ‘ಇಂಥ ವಿಡಿಯೊ ಹಾಕು’ ಎಂದು ಟಿವಿಗೆ ತಿಳಿಸುತ್ತದೆ ಅಷ್ಟೆ. ಟಿವಿ ತಾನೇ ಇಂಟರ್ನೆಟ್‌ನಿಂದ ಅದನ್ನು ತರಿಸಿಕೊಳ್ಳುತ್ತದೆ. ಗೂಗಲ್ 2013ರಲ್ಲಿ ಬಿಡುಗಡೆ ಮಾಡಿದ ಕ್ರೋಮ್‌ಕಾಸ್ಟ್‌ನಿಂದ ಈ ವಿಧಾನ ಜನಪ್ರಿಯವಾಯಿತು. ಇಂದು ಬಹುತೇಕ ಆಂಡ್ರಾಯ್ಡ್ ಟಿವಿ ಮತ್ತು ಗೂಗಲ್ ಟಿವಿಗಳಲ್ಲಿ ಇದು ಒಳಗೇ ಇರುತ್ತದೆ.

ಮಿರರಿಂಗ್ ಎಂದರೆ ಹೊತ್ತು ತಂದಂತೆ. ಫೋನಿನ ಪರದೆಯಲ್ಲಿ ಏನಿದೆಯೋ ಅದೇ ಟಿವಿಯಲ್ಲಿ ಕನ್ನಡಿಯಂತೆ ಕಾಣುತ್ತದೆ. ಫೋನಿನಲ್ಲಿ ಇದರ ಹೆಸರು ಕಂಪನಿಗೊಂದು ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಸ್ಮಾರ್ಟ್ ವ್ಯೂ. ಇನ್ನು ಕೆಲವು ಫೋನುಗಳಲ್ಲಿ ಇದಕ್ಕೂ ‘ಕಾಸ್ಟ್’ ಎಂದೇ ಹೆಸರಿಟ್ಟಿದ್ದಾರೆ. ಗೊಂದಲ ಶುರುವಾಗುವುದೇ ಇಲ್ಲಿ.

ಗುರುತಿಸುವುದು ಸುಲಭ. ವಿಡಿಯೊ ಓಡುತ್ತಿರುವಾಗ ಫೋನಿನ ಪರದೆ ಆರಿಸಿ. ಟಿವಿಯಲ್ಲಿ ವಿಡಿಯೊ ನಿಲ್ಲದೆ ಮುಂದುವರಿದರೆ ಅದು ಕಾಸ್ಟ್. ಟಿವಿಯೂ ಕಪ್ಪಾದರೆ ಅಥವಾ ಸಂಪರ್ಕ ಕಡಿದರೆ ಮಿರರಿಂಗ್.

ಡೇಟಾ ಖರ್ಚಾಗುತ್ತದೆಯೇ?

ಆಗುತ್ತದೆ. ಯಾರ ಲೆಕ್ಕದಲ್ಲಿ ಎಂಬುದಷ್ಟೇ ಬೇರೆ. ಮನೆಗೆ ಫೈಬರ್ ಸಂಪರ್ಕವಿದ್ದು ಟಿವಿ ಅದರ ವೈಫೈಗೆ ಸೇರಿದ್ದರೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ‘ಡೇಟಾ ಖರ್ಚಿಲ್ಲ’ ಎಂಬ ಮಾತು ಹುಟ್ಟಿದ್ದು ಇಂಥ ಮನೆಗಳಲ್ಲೇ ಇರಬೇಕು.

ಆದರೆ ಫೈಬರ್ ಇಲ್ಲದ ಮನೆಯಲ್ಲಿ ಟಿವಿಗೆ ಫೋನಿನ ಹಾಟ್‌ಸ್ಪಾಟ್ ಕೊಡುತ್ತೇವೆ. ಆಗ ಟಿವಿ ತರಿಸಿಕೊಳ್ಳುವ ಪ್ರತಿಯೊಂದೂ ನಿಮ್ಮ ದಿನದ ಡೇಟಾದಿಂದಲೇ ಕಡಿತವಾಗುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊಬೈಲ್ ಡೇಟಾದಲ್ಲಿ ಫೋನು ಸಾಮಾನ್ಯವಾಗಿ ಕಡಿಮೆ ಗುಣಮಟ್ಟದ ವಿಡಿಯೊ ಆರಿಸಿಕೊಂಡು ಡೇಟಾ ಉಳಿಸುತ್ತದೆ. ಟಿವಿಗೆ ಹಾಟ್‌ಸ್ಪಾಟ್ ಕೂಡ ವೈಫೈನಂತೆಯೇ ಕಾಣುತ್ತದೆ, ಪರದೆಯೂ ದೊಡ್ಡದು. ಹಾಗಾಗಿ ಅದು ಎಚ್‌ಡಿ ಕೇಳುತ್ತದೆ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಂತೆ ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೆ, 4ಕೆಗೆ 7 ಜಿಬಿವರೆಗೆ ಬೇಕು. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದವರ ಡೇಟಾ ಸಿನಿಮಾದ ಇಂಟರ್ವಲ್‌ಗೂ ಮೊದಲೇ ಮುಗಿಯಬಹುದು.

ಪರಿಹಾರವೂ ಸರಳ. ಯೂಟ್ಯೂಬ್ ಆದರೆ ಟಿವಿಯಲ್ಲಿ ವಿಡಿಯೊ ಶುರುವಾದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಗುಣಮಟ್ಟವನ್ನು 480ಪಿಗೆ ಇಳಿಸಿ.

ನೆಟ್ ಇಲ್ಲದೆ ನೋಡಲಾಗದೇ?

ಯೂಟ್ಯೂಬ್ ವಿಡಿಯೊ ಕಾಸ್ಟ್ ಮಾಡಲು ನೆಟ್ ಬೇಕೇ ಬೇಕು. ಆದರೆ ಫೋನಿನಲ್ಲೇ ಇರುವ ಫೋಟೊ, ಮದುವೆಯ ವಿಡಿಯೊ, ಡೌನ್‌ಲೋಡ್ ಆದ ಹಾಡುಗಳಿಗೆ ಬೇಕಿಲ್ಲ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿರುವ ಮಿರಾಕಾಸ್ಟ್ 2012ರಲ್ಲಿ ಬಂದ ತಂತ್ರಜ್ಞಾನ. ಇದರಲ್ಲಿ ಫೋನು ಮತ್ತು ಟಿವಿ ವೈಫೈ ಅಲೆಗಳ ಮೂಲಕ ನೇರವಾಗಿ ಒಂದಕ್ಕೊಂದು ಸೇರುತ್ತವೆ. ರೂಟರ್ ಬೇಡ, ರೀಚಾರ್ಜೂ ಬೇಡ. ಐಫೋನ್‌ನಲ್ಲಿ ಇದೇ ಕೆಲಸಕ್ಕೆ ಏರ್‌ಪ್ಲೇ ಇದೆ. ಎಲ್ಲ ಫೋನು, ಎಲ್ಲ ಟಿವಿಗಳಲ್ಲಿ ಇವು ಇರುವುದಿಲ್ಲ. ಇಲ್ಲದಿದ್ದರೆ ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ. ಬರೀ ಹಾಡು ಕೇಳುವುದಾದರೆ, ಟಿವಿ ಒಪ್ಪಿಕೊಂಡರೆ ಬ್ಲೂಟೂತ್ ಸಾಕು.

ಕಾಸ್ಟ್ ಗುರುತೇ ಕಾಣದಿದ್ದರೆ?

ಟಿವಿ ಕೆಟ್ಟಿದೆ ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಫೋನು ಮೊಬೈಲ್ ಡೇಟಾದಲ್ಲಿರುತ್ತದೆ, ಟಿವಿ ವೈಫೈನಲ್ಲಿರುತ್ತದೆ. ಎರಡೂ ಒಂದೇ ವೈಫೈನಲ್ಲಿರಬೇಕು. ಹಾಟ್‌ಸ್ಪಾಟ್ ಕೊಟ್ಟ ಫೋನಿನಿಂದಲೇ ಕಾಸ್ಟ್ ಮಾಡಲು ಆಗದಿದ್ದರೆ, ಮನೆಯ ಇನ್ನೊಂದು ಫೋನನ್ನೂ ಅದೇ ಹಾಟ್‌ಸ್ಪಾಟ್‌ಗೆ ಸೇರಿಸಿ ಅದರಿಂದ ಪ್ರಯತ್ನಿಸಿ.

‘ಈ ಆ್ಯಪ್ ಹಾಕಿಕೊಳ್ಳಿ’ ಎಂದರೆ?

ಹಾಕಿಕೊಳ್ಳಬೇಡಿ. ಕಾಸ್ಟ್, ಮಿರರಿಂಗ್ ಎರಡೂ ಫೋನು ಮತ್ತು ಟಿವಿಯೊಳಗೇ ಬರುವ ಸೌಲಭ್ಯಗಳು. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲ್ ಪ್ಲೇಸ್ಟೋರ್‌ನ ತಪಾಸಣೆ ದಾಟಿ ಬಂದದ್ದಲ್ಲ. ಅದು ಎಸ್‌ಎಂಎಸ್ ಓದುವ ಅನುಮತಿ ಕೇಳಿ, ನೀವು ‘ಅಲೋ’ ಒತ್ತಿದರೆ, ಬ್ಯಾಂಕಿನ ಒಟಿಪಿಯೂ ಅದರ ಕೈಗೆ ಸಿಗುತ್ತದೆ.

‘ಟಿವಿ ಜೋಡಿಸಿಕೊಡುತ್ತೇವೆ, ಸ್ಕ್ರೀನ್ ಶೇರ್ ಮಾಡಿ’ ಎಂದು ಫೋನಿನಲ್ಲಿ ಹೇಳುವವರನ್ನೂ ನಂಬಬೇಡಿ. ಮಿರರಿಂಗ್‌ನಲ್ಲಿ ನಿಮ್ಮ ಪರದೆ ಎದುರಿನ ಟಿವಿಗೆ ಹೋಗುತ್ತದೆ. ಸ್ಕ್ರೀನ್ ಶೇರ್‌ನಲ್ಲಿ ಅದೇ ಪರದೆ ಎಲ್ಲೋ ಕೂತ ಅಪರಿಚಿತನಿಗೆ ಹೋಗುತ್ತದೆ. ಇಂಥ ರಿಮೋಟ್ ಆ್ಯಪ್‌ಗಳ ಮೂಲಕ ನಡೆಯುವ ವಂಚನೆ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಮನೆಯಲ್ಲಿ ಮಿರರಿಂಗ್ ಮಾಡುವಾಗಲೂ ಫೋನಿಗೆ ಬರುವ ಸಂದೇಶಗಳು ನೆಂಟರೆಲ್ಲರ ಎದುರು ಟಿವಿಯಲ್ಲಿ ಕಾಣಬಹುದು. ‘ಡು ನಾಟ್ ಡಿಸ್ಟರ್ಬ್’ ಹಾಕಿಟ್ಟು ಶುರುಮಾಡಿ.

‘ಟಿವ್ಯಾಗ ಬಂದೈತಿ’

ಕೊನೆಯದು ತಂತ್ರಜ್ಞಾನದ ಮಾತಲ್ಲ, ಆದರೆ ನಮ್ಮ ದೃಷ್ಟಿಯಲ್ಲಿ ಮುಖ್ಯವಾದದ್ದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರ್ಣಿಕ ಒಂದೇ ಸಾಲಿನದು. ಮಳೆ, ಬೆಳೆ, ರಾಜಕೀಯ ಎಂದು ಜನ ಅದಕ್ಕೆ ಅರ್ಥ ಕಟ್ಟುತ್ತಾರೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲೂ ದಸರೆಯ ವೇಳೆ ಕಾರ್ಣಿಕವಿದೆ. ಎರಡೂ ಕಡೆ ಬಿಲ್ಲು, ಎರಡೂ ಕಡೆ ಗೊರವಯ್ಯ. ಹೋದ ವರ್ಷದ್ದನ್ನು ಈ ವರ್ಷದ್ದೆಂದು, ಅಲ್ಲಿಯದನ್ನು ಇಲ್ಲಿಯದೆಂದು ಫಾರ್ವರ್ಡ್ ಮಾಡುವುದು ಬಹಳ ಸುಲಭ.

ಅಂಥ ವಿಡಿಯೊವನ್ನು ಫೋನಿನಲ್ಲಿ ನೋಡಿದ ಅಜ್ಜಿ ‘ಯಾರೋ ಕಳಿಸಿದ್ದು’ ಎನ್ನುತ್ತಾರೆ. ಅದನ್ನೇ ಟಿವಿಗೆ ಹಾಕಿದರೆ ‘ಟಿವ್ಯಾಗ ಬಂದೈತಿ’ ಎನ್ನುತ್ತಾರೆ. ವರ್ಷಗಟ್ಟಲೆ ಟಿವಿ ಎಂದರೆ ವಾರ್ತೆ ಎಂದು ನಂಬಿದವರಿಗೆ ಫಾರ್ವರ್ಡ್‌ಗೂ ವಾರ್ತೆಗೂ ಇರುವ ಗೆರೆ ಅಲ್ಲಿಗೆ ಅಳಿಸಿಹೋಗುತ್ತದೆ. ಮನೆಮದ್ದಿನ ವಿಡಿಯೊ ನೋಡಿ ಅವರು ಬಿಪಿ, ಶುಗರ್ ಮಾತ್ರೆ ಬಿಟ್ಟರೆ ಜೀವಕ್ಕೇ ಕುತ್ತು. ಆದ್ದರಿಂದ ಹಿರಿಯರಿಗೆ ತೋರಿಸುವಾಗ ಒಂದು ಮಾತು ಸೇರಿಸಿ: ‘ಇದು ಟಿವಿಯವರು ಹಾಕಿದ್ದಲ್ಲ, ನನ್ನ ಫೋನಿಂದ ಹಾಕಿದ್ದು.’

ನಮ್ಮ ತೀರ್ಮಾನ

ಕಾಸ್ಟ್ ಮಾಡಿದರೂ ಡೇಟಾ ಖರ್ಚಾಗುತ್ತದೆ. ಹಾಟ್‌ಸ್ಪಾಟ್ ಆದರೆ ನಿಮ್ಮದೇ ಡೇಟಾ. ಫೋನಿನಲ್ಲಿರುವುದನ್ನು ನೋಡಲು ನೆಟ್ ಬೇಡ. ಅದಕ್ಕಾಗಿ ಫಾರ್ವರ್ಡ್‌ನಲ್ಲಿ ಬಂದ ಆ್ಯಪ್ ಖಂಡಿತ ಬೇಡ. ಪರದೆ ದೊಡ್ಡದಾದರೆ ಚಿತ್ರ ದೊಡ್ಡದಾಗುತ್ತದೆ, ಸುಳ್ಳು ನಿಜವಾಗುವುದಿಲ್ಲ.