ಸಲಹೆ ಆಜ್ಞೆಯಾಗುವ ಹೊತ್ತು

ಮಂಗಸೂಳಿ, ಕಾಗವಾಡ, ಅಥಣಿ ಕಡೆಯವರು ವಿಮಾನ ಹತ್ತಬೇಕೆಂದರೆ ಕೊಲ್ಲಾಪುರಕ್ಕೆ ಹೋಗುತ್ತಾರೆ, ಇಲ್ಲವೇ ಬೆಳಗಾವಿಯ ಸಾಂಬ್ರಾಕ್ಕೆ. 1942ರಲ್ಲಿ ಬ್ರಿಟಿಷ್ ವಾಯುಪಡೆಗಾಗಿ ಕಟ್ಟಿದ ಸಾಂಬ್ರಾ ನಿಲ್ದಾಣದಲ್ಲಿ ಈಗ ಎಂಬ್ರೇಯರ್, ಎಟಿಆರ್, ಏರ್‌ಬಸ್ ವಿಮಾನಗಳು ಇಳಿಯುತ್ತವೆ. ಎಂಬ್ರೇಯರ್ ಬ್ರೆಜಿಲ್ ದೇಶದ ವಿನ್ಯಾಸ, ಉಳಿದೆರಡು ಯುರೋಪಿನವು. ಇವುಗಳಲ್ಲಿ ಯಾವುದಾದರೂ ಒಂದರ ಪಂಪೋ ಕವಾಟವೋ ಕಂಪ್ಯೂಟರೋ ದೋಷದ್ದೆಂದು ಗೊತ್ತಾದರೆ, ಅದನ್ನು ಬದಲಿಸಲೇಬೇಕೆಂಬ ಆಜ್ಞೆ ಬ್ರೆಜಿಲ್‌ನಿಂದಲೋ ಯುರೋಪಿನ ನಿಯಂತ್ರಕ ಸಂಸ್ಥೆ ಇರುವ ಜರ್ಮನಿಯ ಕಲೋನ್ ನಗರದಿಂದಲೋ ಹೊರಡುತ್ತದೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅದನ್ನು ಇಲ್ಲಿಯೂ ಕಡ್ಡಾಯ ಮಾಡುತ್ತದೆ. ಆ ಆಜ್ಞೆಯ ಪೂರ್ಣ ಹೆಸರು ಏರ್‌ವರ್ದಿನೆಸ್ ಡೈರೆಕ್ಟಿವ್. ಹ್ಯಾಂಗರ್‌ಗಳಲ್ಲಿ ಎಲ್ಲರೂ ಎಡಿ ಎನ್ನುತ್ತಾರೆ.

ಎಡಿಯ ಪಕ್ಕದಲ್ಲೇ ಇನ್ನೊಂದು ಕಾಗದವಿದೆ: ಸರ್ವಿಸ್ ಬುಲೆಟಿನ್. ವಿಮಾನ ತಯಾರಿಸಿದ ಕಂಪನಿ ತನ್ನ ಗ್ರಾಹಕರಿಗೆ ಕಳಿಸುವ ತಾಂತ್ರಿಕ ಸೂಚನೆ ಅದು. ಇಂಥ ಭಾಗದಲ್ಲಿ ಬಿರುಕು ಕಾಣಿಸುತ್ತಿದೆ, ಹೀಗೆ ಪರೀಕ್ಷಿಸಿ, ಹೀಗೆ ಬದಲಿಸಿ ಎಂದು ಅದು ಹೇಳುತ್ತದೆ. ಎಷ್ಟೇ ಗಂಭೀರವಾಗಿ ಬರೆದಿದ್ದರೂ ಕಾನೂನಿನ ಕಣ್ಣಿಗೆ ಅದು ಸಲಹೆ. ಅದೇ ಮಾತನ್ನು ಸರ್ಕಾರದ ನಿಯಂತ್ರಕರು ಎಡಿಯಾಗಿ ಹೊರಡಿಸಿದರೆ, ಗಡುವಿನೊಳಗೆ ಕೆಲಸ ಮುಗಿಯದ ವಿಮಾನ ನೆಲ ಬಿಡುವಂತಿಲ್ಲ. ಸಲಹೆಯನ್ನು ಆಜ್ಞೆಯಾಗಿಸಲು ಎಷ್ಟು ದಿನ ತೆಗೆದುಕೊಂಡೆವು ಎಂಬುದೇ ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಇತಿಹಾಸ.

ಆರಂಭ ಮರದ ರೆಕ್ಕೆಗಳ ಕಾಲದ್ದು. 1931ರ ಮಾರ್ಚ್ 31ರಂದು ಅಮೆರಿಕದ ಕಾನ್ಸಾಸ್‌ನಲ್ಲಿ ಫಾಕರ್ ಎಫ್-10 ವಿಮಾನದ ರೆಕ್ಕೆ ಆಕಾಶದಲ್ಲೇ ಕಳಚಿತು. ಸತ್ತವರಲ್ಲಿ ಹೆಸರಾಂತ ಫುಟ್‌ಬಾಲ್ ತರಬೇತುದಾರ ನ್ಯೂಟ್ ರಾಕ್ನಿ ಇದ್ದುದರಿಂದ ದೇಶವೇ ಉತ್ತರ ಕೇಳಿತು. ರೆಕ್ಕೆಯೊಳಗೆ ತೇವ ಸೇರಿ ಮರದ ತೊಲೆಗಳ ಅಂಟು ಬಿಟ್ಟಿತ್ತು. ಅಲ್ಲಿಯವರೆಗೆ ಅಪಘಾತದ ಕಾರಣಗಳನ್ನು ಸರ್ಕಾರ ಬಹುಮಟ್ಟಿಗೆ ತನ್ನೊಳಗೇ ಇಟ್ಟುಕೊಳ್ಳುತ್ತಿತ್ತು. ಈ ಸಲ ಆ ಮಾದರಿಯ ವಿಮಾನಗಳ ಹಾರಾಟವನ್ನೇ ನಿಲ್ಲಿಸಿ, ರೆಕ್ಕೆಗಳನ್ನು ತೆರೆದು ನೋಡಬೇಕೆಂದು ಆದೇಶಿಸಿತು. ಕೆಟ್ಟದ್ದು ಒಂದು ವಿಮಾನವಾದರೂ ನೋಡಬೇಕಾದದ್ದು ಆ ಮಾದರಿಯ ಎಲ್ಲವನ್ನೂ ಎಂಬ ಎಡಿಯ ಮೂಲ ವಿಚಾರ ಇಲ್ಲಿದೆ.

ನಮ್ಮಲ್ಲಿ ವಿಮಾನಯಾನ ಬೇರೂರಿದ್ದೂ ಅದೇ ಹೊತ್ತಿಗೆ. ಮರುವರ್ಷ, 1932ರ ಅಕ್ಟೋಬರ್‌ನಲ್ಲಿ, ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲೆ ಮದ್ರಾಸಿಗೆ ಒಯ್ದರು. 1934ರಲ್ಲಿ ಭಾರತದ ವಿಮಾನ ಕಾಯ್ದೆ, 1937ರಲ್ಲಿ ವಿಮಾನ ನಿಯಮಗಳು ಬಂದವು. ಆ ಕಾಯ್ದೆ 2024ರ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬರುವವರೆಗೂ ನಡೆಯಿತು. ನಮ್ಮ ಡಿಜಿಸಿಎ ಇಂಥ ಆಜ್ಞೆಗಳನ್ನು ಬಹುಕಾಲ ‘ಕಡ್ಡಾಯ ಮಾರ್ಪಾಡು’ ಎಂದೇ ಕರೆಯುತ್ತಿತ್ತು.

ಲೋಹದ ವಿಮಾನಗಳು ಬಂದ ಮೇಲೆ ಹೊಸ ಶತ್ರು ಕಾಣಿಸಿಕೊಂಡಿತು. 1953ರ ಮೇ 2ರಂದು ಕಲ್ಕತ್ತೆಯಿಂದ ಹೊರಟ ಕಾಮೆಟ್ ಜೆಟ್ ಗುಡುಗು ಮಳೆಯಲ್ಲಿ ಒಡೆದು 43 ಜನ ಸತ್ತರು. ಬಿರುಗಾಳಿಯ ಕೆಲಸ ಎಂದಾಯಿತು. 1954ರ ಜನವರಿಯಲ್ಲಿ ಮತ್ತೊಂದು ಕಾಮೆಟ್ ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿತ್ತು. ಹಾರಾಟ ನಿಲ್ಲಿಸಿ, ಊಹಿಸಿದ ಕಾರಣಗಳಿಗೆಲ್ಲ ತಿದ್ದುಪಡಿ ಮಾಡಿ ಮತ್ತೆ ಹಾರಿಸಿದರು. ಏಪ್ರಿಲ್ 8ರಂದು ಮೂರನೆಯದೂ ಹೋಯಿತು. ಆಗ ಫಾರ್ನ್‌ಬರೋದಲ್ಲಿ ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒತ್ತಡ ಏರಿಸಿ ಇಳಿಸಿ, ಏರಿಸಿ ಇಳಿಸಿ ಪರೀಕ್ಷಿಸಿದರು. ದಿನವೂ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಕೊಂಡಿ ಒಂದು ದಿನ ಹಗುರ ಹೊರೆಗೇ ತುಂಡಾಗುವ ಹಾಗೆ ವಿಮಾನದ ಚರ್ಮ ಸೀಳಿತು. ಲೋಹದ ಆಯಾಸ ಎಂಜಿನಿಯರುಗಳಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಒತ್ತಡದ ಕ್ಯಾಬಿನ್ನಿನಲ್ಲಿ ಅದು ಇಷ್ಟು ಬೇಗ ಬರುತ್ತದೆ ಎಂಬುದು ಹೊಸದು. ಕಾರಣ ತಿಳಿಯದೆ ಮಾಡಿದ ತಿದ್ದುಪಡಿ ತಿದ್ದುಪಡಿಯಲ್ಲ ಎಂದು ಆ ಮೂರನೇ ವಿಮಾನ ತೋರಿಸಿತು. ಎಡಿಗಳು ‘ಇಷ್ಟು ಹಾರಾಟಗಳಿಗೊಮ್ಮೆ ಪರೀಕ್ಷಿಸಿ’ ಎಂಬ ಲೆಕ್ಕಕ್ಕೆ ಬಂದದ್ದರ ಬೇರು ಇಲ್ಲಿದೆ.

ಇದೇ ಕಾಲದಲ್ಲಿ ದೇಶದೇಶಗಳ ನಡುವಿನ ಹಂಚಿಕೆಯೂ ಗಟ್ಟಿಯಾಯಿತು. 1944ರ ಷಿಕಾಗೋ ಒಪ್ಪಂದದ ಎಂಟನೆಯ ಅನುಬಂಧ 1949ರಲ್ಲಿ ಅಂಗೀಕಾರವಾಯಿತು. ಅದು ಬೆಳೆದು ನಿಂತ ರೂಪದಲ್ಲಿ ನಿಯಮ ಹೀಗಿದೆ: ವಿಮಾನ ವಿನ್ಯಾಸ ಮಾಡಿದ ದೇಶ ದೋಷದ ಮಾಹಿತಿಯನ್ನು, ಕಡ್ಡಾಯ ಪರಿಹಾರವನ್ನು ಆ ಮಾದರಿ ಬಳಸುವ ಎಲ್ಲ ದೇಶಗಳಿಗೂ ತಿಳಿಸಬೇಕು. ಬಳಸುವ ದೇಶ ತಾನು ಕಂಡ ದೋಷವನ್ನು ಹಿಂದಕ್ಕೆ ವರದಿ ಮಾಡಬೇಕು. ಮೊದಲ ಅರ್ಧದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಎರಡನೆಯ ಅರ್ಧವಿಲ್ಲದೆ ಮೊದಲನೆಯದಕ್ಕೆ ಜೀವವಿಲ್ಲ. ರಾತ್ರಿ ಪಾಳಿಯ ಎಂಜಿನಿಯರ್ ಲಾಗ್ ಬುಕ್ಕಿನಲ್ಲಿ ಬರೆದ ಒಂದು ಸ್ನ್ಯಾಗ್, ಅಂದರೆ ದೋಷದ ಟಿಪ್ಪಣಿ, ಇನ್ನೊಂದು ದೇಶದ ಇನ್ನೊಂದು ಸ್ನ್ಯಾಗಿನ ಪಕ್ಕ ಕೂತಾಗಲೇ ಅದು ಒಂದು ವಿಮಾನದ ತೊಂದರೆಯೋ ಇಡೀ ಮಾದರಿಯದೋ ಎಂದು ತಿಳಿಯುವುದು.

ಸಲಹೆಗೂ ಆಜ್ಞೆಗೂ ಇರುವ ಅಂತರವನ್ನು ಡಿಸಿ-10 ವಿಮಾನದ ಬಾಗಿಲಿನಷ್ಟು ಕಠೋರವಾಗಿ ಬೇರೆ ಯಾವುದೂ ಕಲಿಸಿಲ್ಲ. 1972ರ ಜೂನ್ 12ರಂದು ಕೆನಡಾದ ವಿಂಡ್ಸರ್ ಮೇಲೆ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10ರ ಹಿಂಭಾಗದ ಸರಕು ಬಾಗಿಲು ಕಿತ್ತುಹೋಯಿತು. ಕೆಳಗಿನ ಕೋಣೆಯ ಗಾಳಿ ಒಮ್ಮೆಲೇ ಹೊರಗೆ ನುಗ್ಗಿ, ಮೇಲಿನ ನೆಲ ಕುಸಿದು, ಅದರಡಿ ಹಾಯ್ದ ನಿಯಂತ್ರಣ ಕೇಬಲ್‌ಗಳು ಸಿಕ್ಕಿಕೊಂಡವು. ಪೈಲಟ್ ಬ್ರೈಸ್ ಮೆಕಾರ್ಮಿಕ್ ಹೇಗೋ ಡೆಟ್ರಾಯಿಟ್‌ನಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ. ಬಾಗಿಲಿನ ಕೊಕ್ಕೆ ಪೂರ್ತಿ ಕಚ್ಚದಿದ್ದರೂ ಹೊರಗಿನ ಹಿಡಿಕೆ ಮುಚ್ಚಿಕೊಳ್ಳುತ್ತದೆ ಎಂಬುದು ತನಿಖೆಯಲ್ಲಿ ಸ್ಪಷ್ಟವಾಯಿತು. ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್‌ಎಎಯ ಪ್ರಾದೇಶಿಕ ಕಚೇರಿ ಎಡಿಯ ಕರಡನ್ನೂ ಸಿದ್ಧಮಾಡಿತ್ತು. ಆದರೆ ಎಫ್‌ಎಎ ಮುಖ್ಯಸ್ಥರೂ ವಿಮಾನ ತಯಾರಿಸಿದ ಡಗ್ಲಸ್ ಕಂಪನಿಯ ಮುಖ್ಯಸ್ಥರೂ ಫೋನಿನಲ್ಲಿ ಮಾತಾಡಿಕೊಂಡರು. ಎಡಿ ಬೇಡ, ಕಂಪನಿ ಸರ್ವಿಸ್ ಬುಲೆಟಿನ್ ಮೂಲಕವೇ ಸರಿಪಡಿಸುತ್ತದೆ ಎಂದಾಯಿತು. ಆ ತಿಂಗಳ ಕೊನೆಯಲ್ಲೇ, ವಿಮಾನದ ಒಡಲು ತಯಾರಿಸುತ್ತಿದ್ದ ಕಾನ್ವೇರ್ ಕಂಪನಿಯ ಎಂಜಿನಿಯರ್ ಡ್ಯಾನ್ ಆಪಲ್‌ಗೇಟ್ ತಮ್ಮ ಮೇಲಿನವರಿಗೆ ಟಿಪ್ಪಣಿ ಬರೆದು, ಈ ಬಾಗಿಲು ಮತ್ತೆ ತೆರೆದುಕೊಳ್ಳುವುದು, ವಿಮಾನ ನಷ್ಟವಾಗುವುದು ಖಚಿತವೆಂದು ಎಚ್ಚರಿಸಿದರು. ಅದು ಕಡತದಲ್ಲಿ ಉಳಿಯಿತು.

1974ರ ಮಾರ್ಚ್ 3ರಂದು ಪ್ಯಾರಿಸ್ ಹೊರಗಿನ ಎರ್ಮೆನೊನ್‌ವಿಲ್ ಕಾಡಿನ ಮೇಲೆ ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10ರ ಅದೇ ಬಾಗಿಲು ಕಿತ್ತಿತು. 346 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆ ವಿಮಾನದ ದಾಖಲೆಯಲ್ಲಿ ಬಾಗಿಲಿನ ತಿದ್ದುಪಡಿ ಆಗಿದೆ ಎಂದು ಪರೀಕ್ಷಕರ ಮುದ್ರೆ ಬಿದ್ದಿತ್ತು. ತಿದ್ದುಪಡಿ ಮಾತ್ರ ಆಗಿರಲಿಲ್ಲ. ಎಡಿ ಆಮೇಲೆ ಬಂತು. ವಿಂಡ್ಸರ್‌ನಿಂದ ಪ್ಯಾರಿಸ್‌ವರೆಗಿನ ಆ 20 ತಿಂಗಳನ್ನು ಓದುವಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಯಾರಿಗೂ ಗೊತ್ತಿಲ್ಲದ ದೋಷದಿಂದ ಸತ್ತವರಲ್ಲ ಅವರು. ಗೊತ್ತಿದ್ದವರು ಬರೆದಿಟ್ಟಿದ್ದರು.

ಮುಂದಿನ ದಶಕಗಳಲ್ಲಿ ಇದೇ ಪಾಠ ಬೇರೆ ಬೇರೆ ಭಾಗಗಳಲ್ಲಿ ಮರುಕಳಿಸಿತು. 1988ರ ಏಪ್ರಿಲ್‌ನಲ್ಲಿ ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ, ಸುಮಾರು 89 ಸಾವಿರ ಹಾರಾಟ ಕಂಡ ಬೋಯಿಂಗ್ 737ರ ಮೇಲ್ಛಾವಣಿ ಹಾರಿಹೋಯಿತು. ಬೋಯಿಂಗ್ ಬುಲೆಟಿನ್ ಹಲವು ಜೋಡಣೆಗಳನ್ನು ಪರೀಕ್ಷಿಸಲು ಹೇಳಿತ್ತು. ಎಡಿ ಅವುಗಳಲ್ಲಿ ಒಂದು ಭಾಗವನ್ನಷ್ಟೇ ಕಡ್ಡಾಯ ಮಾಡಿತ್ತು. ಹಳೆಯ ವಿಮಾನಗಳ ಪರೀಕ್ಷೆ ಒಂದು ಪ್ರತ್ಯೇಕ ಶಿಸ್ತಾಗಿ ಬೆಳೆದದ್ದು ಅಲ್ಲಿಂದ. 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ ವಿಮಾನದ ವೇಗಮಾಪಕ ಪೀಟೋ ಕೊಳವೆಗಳು ಮಂಜುಗಡ್ಡೆಯಿಂದ ಮುಚ್ಚಿಕೊಂಡಿದ್ದವು. ಆ ಕೊಳವೆಗಳನ್ನು ಬದಲಿಸುವುದೂ 228 ಜನ ಸಾಯುವವರೆಗೆ ಸಲಹೆಯಾಗಿಯೇ ಇತ್ತು.

ನಮ್ಮ ನಾಡಿನ ಅಧ್ಯಾಯಕ್ಕೆ ಬರೋಣ. 1990ರ ಫೆಬ್ರುವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚಹೊಸ ಏರ್‌ಬಸ್ ಎ320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಓಡುದಾರಿಗೆ ಮೊದಲೇ, ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 92 ಜನ ತೀರಿಕೊಂಡರು. ಸರ್ಕಾರ ಎ320ಗಳನ್ನೆಲ್ಲ ನೆಲದಲ್ಲಿ ನಿಲ್ಲಿಸಿತು. ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ತನಿಖೆ ಯಂತ್ರದಲ್ಲಿ ದೋಷ ಕಾಣಲಿಲ್ಲ. ಪೈಲಟ್‌ಗಳು ಇಳಿಯುವಾಗ ತಪ್ಪು ವಿಧಾನದಲ್ಲಿದ್ದ ಎಂಜಿನ್ ಶಕ್ತಿಯನ್ನು ಗಮನಿಸಲಿಲ್ಲ ಎಂದಿತು. ದೋಷ ಸಿಗದೆಯೇ ಒಂದು ಮಾದರಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದು ಸರಿಯೇ ಎಂದು ಆಗ ವಾದ ನಡೆದಿತ್ತು. ನನ್ನ ಮಟ್ಟಿಗೆ, ಕಾರಣ ತಿಳಿಯುವವರೆಗೆ ನಿಲ್ಲಿಸುವ ಧೈರ್ಯ ತಪ್ಪಲ್ಲ.

2013ರ ಜನವರಿಯಲ್ಲಿ ಬೋಯಿಂಗ್ 787ರ ಲಿಥಿಯಂ ಬ್ಯಾಟರಿಗಳು ಹೊತ್ತಿಕೊಂಡಾಗ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದ 737 ಮ್ಯಾಕ್ಸ್ ಬಿದ್ದಾಗ ಭಾರತದ ವಿಮಾನಗಳೂ ನಿಂತವು. ಮ್ಯಾಕ್ಸ್‌ನದು ಕಹಿ ಪಾಠ. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದ ಲಯನ್ ಏರ್ ವಿಮಾನ ಬಿದ್ದ ಕೂಡಲೇ ತುರ್ತು ಎಡಿ ಬಂದಿತ್ತು. ಅದು ಪೈಲಟ್‌ಗಳ ಕೈಪಿಡಿಯನ್ನು ತಿದ್ದಿತು, ಯಂತ್ರವನ್ನಲ್ಲ. ನಾಲ್ಕೂವರೆ ತಿಂಗಳಲ್ಲಿ ಮತ್ತೆ 157 ಜನ ಸತ್ತರು.

ಭಾರತ ಬೇರೆಯವರ ಆಜ್ಞೆ ಕಾಯದೆ ತಾನೇ ಬಿಗಿ ಹಿಡಿದದ್ದು ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳ ವಿಷಯದಲ್ಲಿ. 2018ರ ಫೆಬ್ರುವರಿಯಲ್ಲಿ ಯುರೋಪಿನ ನಿಯಂತ್ರಕ ಸಂಸ್ಥೆ ಎ320 ನಿಯೋ ಎಂಜಿನ್‌ಗಳ ಒಂದು ಸೀಲ್ ಬಗ್ಗೆ ತುರ್ತು ಎಡಿ ಹೊರಡಿಸಿತು. ಎರಡೂ ಎಂಜಿನ್ ದೋಷದವಾದರೆ ಹಾರಬೇಡಿ ಎಂಬುದು ಅದರ ಸಾರ. ಮಾರ್ಚ್ 12ರಂದು ಇಂಡಿಗೋ ವಿಮಾನವೊಂದು ಎಂಜಿನ್ ಕೈಕೊಟ್ಟು ಅಹಮದಾಬಾದಿಗೆ ಮರಳಿತು. ಅದೇ ದಿನ ಡಿಜಿಸಿಎ, ಅಂಥ ಒಂದೇ ಎಂಜಿನ್ ಇದ್ದರೂ ಹಾರುವಂತಿಲ್ಲ ಎಂದು ಇಂಡಿಗೋ, ಗೋಏರ್ ಎರಡರ ಒಟ್ಟು 11 ವಿಮಾನಗಳನ್ನು ನಿಲ್ಲಿಸಿತು. 2019ರಲ್ಲಿ ಟರ್ಬೈನ್ ಬ್ಲೇಡುಗಳ ಸರದಿ. ಇಂಡಿಗೋದ 97 ವಿಮಾನಗಳ ಎಂಜಿನ್‌ಗಳನ್ನು ಮಾರ್ಪಡಿಸಿದವಕ್ಕೆ ಬದಲಿಸಬೇಕೆಂದು ಗಡುವು ಕೊಟ್ಟಿತು. ಗಡುವನ್ನು ಆಮೇಲೆ ವಿಸ್ತರಿಸಿದರೂ ಕೆಲಸ ಆಯಿತು. ಇದಕ್ಕೆ ತೆರುವ ಬೆಲೆ ಸಣ್ಣದಲ್ಲ. ಎಂಜಿನ್ ಸಿಗದೆ ವಿಮಾನಗಳು ನಿಂತವೆಂದು ಹೇಳಿ ಗೋಫಸ್ಟ್ (ಹಿಂದಿನ ಗೋಏರ್) 2023ರ ಮೇ ತಿಂಗಳಲ್ಲಿ ಹಾರಾಟವನ್ನೇ ಕೈಬಿಟ್ಟಿತು. ಸಾವಿರಾರು ನೌಕರರು ಸಂಬಳವಿಲ್ಲದೆ ಬೀದಿಗೆ ಬಂದರು.

ಅದೇ ವರ್ಷದ ಜುಲೈಯಲ್ಲಿ ಇನ್ನೊಂದು ಸುದ್ದಿ. ಆ ಎಂಜಿನ್‌ಗಳ ತಿರುಗುವ ಡಿಸ್ಕ್‌ಗಳನ್ನು ಮಾಡಿದ ಲೋಹದ ಪುಡಿಯಲ್ಲಿ, 2015ರ ಕೊನೆಯಿಂದ 2021ರವರೆಗೆ ಕಲ್ಮಶ ಸೇರಿತ್ತು. ಯಾವ ಡಿಸ್ಕ್ ಯಾವ ಪುಡಿಯದು, ಅದು ಈಗ ಯಾವ ಎಂಜಿನ್ನಿನಲ್ಲಿದೆ ಎಂದು ಹುಡುಕಿ ತೆಗೆಯಬೇಕಾಯಿತು. ಈ ಹುಡುಕಾಟ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದವರಿಗೆ ಪರಕೀಯವಲ್ಲ. ಹೆದ್ದಾರಿಯಲ್ಲಿ ಬೆಳಗಾವಿಯಿಂದ ನಿಪ್ಪಾಣಿಗೆ ಬರುವಾಗ ಸಿಗುವ ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬಿಡಿಭಾಗ ತಯಾರಾಗುತ್ತವೆ. ಅಲ್ಲಿ ಲೇತು, ಮಿಲ್ಲಿಂಗ್ ಯಂತ್ರದ ಮುಂದೆ ನಿಂತವರ ಕೈಯಲ್ಲಿ ಭಾಗದಷ್ಟೇ ಮುಖ್ಯವಾದ ಇನ್ನೊಂದು ವಸ್ತು ಇರುತ್ತದೆ: ಅದರ ಜೊತೆ ಸಾಗುವ ಕಾಗದ. ಲೋಹ ಯಾವ ಎರಕದ್ದೆಂದು ಹೇಳುವ ಹೀಟ್ ನಂಬರು, ಬ್ಯಾಚ್, ಯಾವ ಹಂತವನ್ನು ಯಾರು ಪರೀಕ್ಷಿಸಿದರು ಎಂಬ ಸಹಿ. ಹತ್ತು ವರ್ಷದ ಮೇಲೆ ಎಡಿಯೊಂದು ‘ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯವರೆಗಿನ ಭಾಗಗಳು’ ಎಂದು ಹೇಳಲು ಸಾಧ್ಯವಾಗುವುದು ಆ ಸಹಿಗಳಿಂದ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ 737ರಿಂದ ಬಾಗಿಲ ಮುಚ್ಚಳ ಹಾರಿಹೋದಾಗ ಅದನ್ನು ಹಿಡಿದಿಡಬೇಕಿದ್ದ ನಾಲ್ಕು ಬೋಲ್ಟ್‌ಗಳು ಇರಲಿಲ್ಲ. ಅವನ್ನು ಬಿಚ್ಚಿದ ಕೆಲಸಕ್ಕೆ ದಾಖಲೆಯೂ ಇರಲಿಲ್ಲ.

2025ರ ಜೂನ್ 12ರ ಅಹಮದಾಬಾದ್ ದುರಂತ ಸಲಹೆ, ಆಜ್ಞೆಗಳ ಪ್ರಶ್ನೆಯನ್ನು ನಮ್ಮ ಅಂಗಳಕ್ಕೇ ತಂದಿತು. ಏರ್ ಇಂಡಿಯಾದ 787ರಲ್ಲಿ ಇದ್ದ 242 ಜನರಲ್ಲಿ ಬದುಕಿದ್ದು ಒಬ್ಬರು. ವಿಮಾನ ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್ ‘ಕಟ್ ಆಫ್’ ಸ್ಥಾನಕ್ಕೆ ಹೋದವು ಎಂದು ಜುಲೈನ ಪ್ರಾಥಮಿಕ ವರದಿ ಹೇಳಿತು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿತ್ತು. ಕೆಲವು ಬೋಯಿಂಗ್ 737ಗಳಲ್ಲಿ ಇಂಥ ಸ್ವಿಚ್‌ಗಳು ತಾವಾಗಿ ಸರಿಯದಂತೆ ಹಿಡಿಯುವ ಲಾಕ್ ಕಚ್ಚಿರಲಿಲ್ಲವೆಂದು ಎಫ್‌ಎಎ 2018ರ ಡಿಸೆಂಬರ್‌ನಲ್ಲಿ ಮಾಹಿತಿ ಪತ್ರ ಹೊರಡಿಸಿತ್ತು. 787ರಂಥ ಇತರ ಮಾದರಿಗಳನ್ನೂ ಅದು ಹೆಸರಿಸಿತ್ತು. ಅದು ಎಡಿಯಲ್ಲವಾದ್ದರಿಂದ ಆ ಪರೀಕ್ಷೆ ನಡೆದಿರಲಿಲ್ಲ. ಸ್ವಿಚ್‌ನ ದೋಷವೇ ಕಾರಣ ಎಂದು ವರದಿ ಹೇಳಿಲ್ಲ. ಯಾರೂ ಹಾಗೆ ಓದಿಕೊಳ್ಳಬಾರದು. ಆದರೂ ಜುಲೈ 14ರಂದು ಡಿಜಿಸಿಎ ಒಂದೇ ವಾರದ ಗಡುವು ಹಾಕಿ ದೇಶದ ಇಂಥ ಬೋಯಿಂಗ್‌ಗಳ ಸ್ವಿಚ್ ಲಾಕ್‌ಗಳನ್ನೆಲ್ಲ ಪರೀಕ್ಷಿಸಲು ಆಜ್ಞೆ ಮಾಡಿತು. ವಾರದೊಳಗೆ ಮುಗಿಯಬಲ್ಲ ಕೆಲಸ ಆರೂವರೆ ವರ್ಷ ಐಚ್ಛಿಕವಾಗಿ ಉಳಿದಿತ್ತು. ಇಷ್ಟು ಅಗ್ಗದ, ಇಷ್ಟು ಸಣ್ಣ ಪರೀಕ್ಷೆಗಳನ್ನು ಮೊದಲೇ ಕಡ್ಡಾಯ ಮಾಡಿದರೆ ಯಾರಿಗೂ ನಷ್ಟವಿಲ್ಲ.

ಬೇಗ ಮಾಡಲು ಆಗುತ್ತದೆ ಎಂಬುದಕ್ಕೆ ಅದೇ ವರ್ಷದ ನವೆಂಬರ್ ಸಾಕ್ಷಿ. ತೀವ್ರ ಸೌರ ವಿಕಿರಣದಿಂದ ಎ320 ವಿಮಾನದ ನಿಯಂತ್ರಣ ಕಂಪ್ಯೂಟರಿನ ದತ್ತಾಂಶ ಕೆಡಬಹುದೆಂದು ಅಕ್ಟೋಬರ್ 30ರ ಒಂದು ಜೆಟ್‌ಬ್ಲೂ ಘಟನೆ ಸೂಚಿಸಿತು. ನವೆಂಬರ್ 28ರಂದು ತುರ್ತು ಎಡಿ ಬಂತು. ಜಗತ್ತಿನ ಸುಮಾರು 6,000 ವಿಮಾನಗಳಿಗೆ ಅದು ಅನ್ವಯಿಸಿತು. ಭಾರತದ ಮುನ್ನೂರಕ್ಕೂ ಹೆಚ್ಚು ವಿಮಾನಗಳಲ್ಲಿ ಬಹುಪಾಲಿಗೆ ಆ ವಾರಾಂತ್ಯದೊಳಗೆ ಸಾಫ್ಟ್‌ವೇರ್ ಬದಲಾಯಿತು. ಒಬ್ಬರೂ ಸಾಯುವ ಮೊದಲು.

ಇಲ್ಲಿಯವರೆಗಿನದೆಲ್ಲ ಬೇರೆಯವರ ವಿನ್ಯಾಸ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಧ್ರುವ ಹೆಲಿಕಾಪ್ಟರಿನಲ್ಲಿ ಹೊಣೆ ಪೂರ್ತಿ ನಮ್ಮದು. 2023ರ ಮಾರ್ಚ್‌ನಲ್ಲಿ ನೌಕಾಪಡೆಯ ಧ್ರುವ ಮುಂಬೈ ಕಡಲಿಗೆ ಇಳಿಯಬೇಕಾಯಿತು, ಕರಾವಳಿ ಕಾವಲು ಪಡೆಯದು ಕೊಚ್ಚಿಯಲ್ಲಿ ಬಿತ್ತು. ಸೇನಾ ವಿಮಾನಗಳ ಯೋಗ್ಯತೆ ನೋಡುವ ಬೆಂಗಳೂರಿನ ಸೆಮಿಲ್ಯಾಕ್ ವಿನ್ಯಾಸವನ್ನು ಮರುಪರಿಶೀಲಿಸಿತು. ನಿಯಂತ್ರಣ ದಂಡಗಳನ್ನು ಅಲ್ಯೂಮಿನಿಯಂನಿಂದ ಉಕ್ಕಿಗೆ ಬದಲಿಸಲಾಯಿತು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಮತ್ತೊಂದು ಧ್ರುವ ಬಿದ್ದು ಮೂವರು ತೀರಿಕೊಂಡರು. ಈ ಸಲ ಬಿರುಕು ರೋಟರ್ ಕೆಳಗಿನ ಸ್ವಾಶ್‌ಪ್ಲೇಟ್‌ನಲ್ಲಿ. ಮುನ್ನೂರಕ್ಕೂ ಹೆಚ್ಚು ಹೆಲಿಕಾಪ್ಟರ್‌ಗಳು ತಿಂಗಳುಗಟ್ಟಲೆ ನಿಂತವು. ಈಕ್ವೆಡಾರ್ ಕೊಂಡ ಏಳರಲ್ಲಿ ನಾಲ್ಕು ಬಿದ್ದು 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದುಮಾಡಿದ್ದನ್ನು ಇದರ ಜೊತೆ ನೆನೆಯಬೇಕು.

ಸೇನೆಯ ದೋಷ ವರದಿಗಳು ಸಾರ್ವಜನಿಕವಾಗುವುದಿಲ್ಲ, ಅದಕ್ಕೆ ಕಾರಣಗಳಿವೆ. ಆದರೆ ಬೆಂಗಳೂರಿನ ಸಂಶೋಧನಾಲಯ ಎನ್‌ಎಎಲ್‌ನ ಹಂಸ ತರಬೇತಿ ವಿಮಾನ ಡಿಜಿಸಿಎ ಪ್ರಮಾಣಪತ್ರ ಪಡೆದ ನಾಗರಿಕ ವಿಮಾನ. ಅದರಲ್ಲಿ ಬಿರುಕು ಕಂಡರೆ ಬ್ರೆಜಿಲ್‌ನಿಂದ, ಕಲೋನ್‌ನಿಂದ ಆಜ್ಞೆ ಬರುವುದಿಲ್ಲ. ಮೊದಲ ವರದಿಯನ್ನು ಬರೆಯಬೇಕಾದವರು ನಮ್ಮ ಹ್ಯಾಂಗರಿನವರು. ಅದನ್ನು ಓದಿ, ತೂಗಿ, ಎಲ್ಲರೂ ನೋಡುವಂತೆ ಎಡಿ ಪ್ರಕಟಿಸಬೇಕಾದದ್ದು ದೆಹಲಿ. ಬೆಂಗಳೂರಿನ ವಿನ್ಯಾಸಕಾರರಿಗೂ ಡಿಜಿಸಿಎಗೂ ನಡುವೆ ಒಂದು ಫೋನ್ ಕರೆಯಲ್ಲಿ ಆ ಕೆಲಸ ಮುಗಿಯಕೂಡದು.