ಹುಲ್ಲು ಉಗುಳುವ ಕುದುರೆ: ಹಲ್ಲುನೋವಿನ ಗುರುತು, ಚಿಕಿತ್ಸೆ, ಆರೈಕೆ

ಮೈಸೂರಿನ ಜಟಕಾ ನಿಲ್ದಾಣವೊಂದರಲ್ಲಿ ಬೂದುಬಣ್ಣದ ಹೆಣ್ಣು ಕುದುರೆಯೊಂದು ಬೆಳಗಿನ ಮೇವು ತಿನ್ನುತ್ತಿತ್ತು. ಹುಲ್ಲನ್ನು ಆಸೆಯಿಂದಲೇ ಬಾಯಿಗೆ ಎಳೆದುಕೊಂಡಿತು. ಏಳೆಂಟು ಸಲ ಅಗಿದು, ತಲೆಯನ್ನು ಎಡಕ್ಕೆ ವಾಲಿಸಿ ಸುಮ್ಮನೆ ನಿಂತಿತು. ಸ್ವಲ್ಪ ಹೊತ್ತಿಗೆ ತುಟಿಯ ಸಂದಿಯಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಹೆಬ್ಬೆರಳು ಗಾತ್ರದ, ಜೊಲ್ಲಿನಲ್ಲಿ ನೆಂದ ಹುಲ್ಲಿನ ಸುರುಳಿ. ಕಡ್ಡಿಯಿಂದ ಬಿಡಿಸಿ ನೋಡಿದರೆ ಎಳೆಗಳು ಉದ್ದಕ್ಕೆ ಹಾಗೇ ಇವೆ, ಜಜ್ಜಿವೆಯೇ ಹೊರತು ಅರೆದಿಲ್ಲ. ಕಾಲ ಬುಡದಲ್ಲಿ ಅಂಥವೇ ಹತ್ತಾರು ಸುರುಳಿಗಳು ಬಿದ್ದಿದ್ದವು. "ಇದಕ್ಕೆ ಹುಲ್ಲು ರುಚಿಸಲ್ಲ ಸಾರ್, ಬೇಯಿಸಿದ ಹುರುಳಿ ಆದ್ರೆ ತಿನ್ನುತ್ತೆ" ಎಂದರು ಗಾಡಿಯವರು. ಅವರು ಕಂಡದ್ದು ಸರಿ, ಕಾರಣ ಮಾತ್ರ ಬೇರೆ. ಹುಲ್ಲು ಅರೆಯುವುದಕ್ಕೆ ಆ ಕುದುರೆಗೆ ನೋವಾಗುತ್ತಿತ್ತು. ಹುರುಳಿಯನ್ನು ಅಷ್ಟು ಅರೆಯಬೇಕಿಲ್ಲ.

ಕುದುರೆ ಹಲ್ಲುನೋವಿಗೆ ಕೂಗುವುದಿಲ್ಲ, ಮೇವು ಬಿಡುವುದೂ ಅಪರೂಪ. ಓಡಿ ಬದುಕಬೇಕಾದ ಪ್ರಾಣಿ ಅದು, ನೋವನ್ನು ಮರೆಮಾಚುವುದು ಅದರ ಹುಟ್ಟುಗುಣ. ಹೀಗಾಗಿ ನೋವು ಶುರುವಾಗಿ ತಿಂಗಳುಗಟ್ಟಲೆ ಆದ ಮೇಲೆ, ಪಕ್ಕೆಲುಬು ಕಾಣುವಾಗ, ಮಾಲೀಕನಿಗೆ ಅನುಮಾನ ಬರುತ್ತದೆ. ಅಷ್ಟರೊಳಗೆ ನೆಲದ ಮೇಲಿನ ಸುರುಳಿಗಳು ವಿಷಯ ಹೇಳಿ ಮುಗಿಸಿರುತ್ತವೆ.

ಸವೆಯಲೆಂದೇ ಹುಟ್ಟಿದ ಹಲ್ಲು

ಎಳೆ ಪ್ರಾಯದ ಕುದುರೆಯ ದವಡೆಹಲ್ಲು 7ರಿಂದ 10 ಸೆಂಟಿಮೀಟರ್ ಉದ್ದವಿರುತ್ತದೆ. ಅದರಲ್ಲಿ ಬಾಯೊಳಗೆ ಕಾಣುವುದು ಸ್ವಲ್ಪವೇ, ಉಳಿದದ್ದೆಲ್ಲ ಮೂಳೆಯೊಳಗೆ ಅಡಗಿರುತ್ತದೆ. ವರ್ಷಕ್ಕೆ 2ರಿಂದ 3 ಮಿಲಿಮೀಟರ್ ಸವೆದಷ್ಟೇ ಹಲ್ಲು ಒಳಗಿನಿಂದ ಮೇಲೇಳುತ್ತದೆ. ಮುದಿ ಕುದುರೆಯಲ್ಲಿ ಈ ದಾಸ್ತಾನು ಖಾಲಿಯಾಗಿ, ಹಲ್ಲು ನುಣ್ಣಗಾಗಿ ಅರೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ಪೂರ್ಣ ಬೆಳೆದ ಬಾಯಿಯಲ್ಲಿ 12 ಬಾಚಿಹಲ್ಲು, 24 ದವಡೆಹಲ್ಲು ಇರುತ್ತವೆ. ಗಂಡಿಗೆ 4 ಕೋರೆಹಲ್ಲು, ಹೆಣ್ಣಿಗೆ ಸಾಮಾನ್ಯವಾಗಿ ಅವು ಇಲ್ಲ. ಕೆಲವು ಕುದುರೆಗಳಿಗೆ ದವಡೆಸಾಲಿನ ಮುಂದೆ ಪುಟ್ಟ 'ತೋಳದ ಹಲ್ಲು' ಬರುತ್ತದೆ. ಒಟ್ಟು ಲೆಕ್ಕ 36ರಿಂದ 44. ಹಾಲುಹಲ್ಲಿನ ಬಾಚಿಗಳು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಜೋಡಿಜೋಡಿಯಾಗಿ ಬೀಳುತ್ತವೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಇದೇ ಕ್ರಮವಿದೆ: ನಡುವಿನವು, ಪಕ್ಕದವು, ಕೊನೆಯವು ಬಿದ್ದು ಹುಟ್ಟಿದರೆ ಕ್ರಮವಾಗಿ 3, 4, 5 ವರ್ಷ. ಸಾವಿರದೈನೂರು ವರ್ಷಗಳ ಹಿಂದೆ ಕುದುರೆಯ ಬಾಯಿಯನ್ನು ಇಷ್ಟು ನಿಗಾ ಇಟ್ಟು ನೋಡಿದವರು ನಮ್ಮಲ್ಲಿದ್ದರು. ಇಂದು ಸಂತೆಯಲ್ಲಿ ವಯಸ್ಸು ತಿಳಿಯಲು ತುಟಿ ಎತ್ತುವವರೂ ಬಾಚಿಹಲ್ಲಷ್ಟೇ ನೋಡುತ್ತಾರೆ. ನೋವಿನ ಬಹುಪಾಲು ಹಿಂದಿನ ದವಡೆಯಲ್ಲಿರುತ್ತದೆ, ಅಲ್ಲಿಗೆ ಬರಿಗಣ್ಣು ಮುಟ್ಟದು.

ಕೆಳದವಡೆ ಮೇಲಿನದಕ್ಕಿಂತ ಕಿರಿದು. ಬೀಸುಕಲ್ಲಿನಂತೆ ಪಕ್ಕಕ್ಕೆ ಸುತ್ತಿ ಅರೆದರೆ ಮಾತ್ರ ಹಲ್ಲಿನ ಪೂರ್ತಿ ಅಗಲ ಸವೆಯುತ್ತದೆ. ಒಂದು ಕಿಲೋ ಒಣಹುಲ್ಲಿಗೆ ಕುದುರೆ ಸುಮಾರು 3,000 ಸಲ ಅಗಿಯುತ್ತದೆ, ಅಷ್ಟೇ ತೂಕದ ಧಾನ್ಯಕ್ಕೆ ಸಾವಿರದ ಆಸುಪಾಸು. ಧಾನ್ಯ ಅಗಿಯುವಾಗ ದವಡೆ ಪಕ್ಕಕ್ಕೆ ಹೊರಳುವುದೂ ಕಡಿಮೆ. ಆಗ ಮೇಲಿನ ಹಲ್ಲಿನ ಕೆನ್ನೆಬದಿಯ ಅಂಚು, ಕೆಳಹಲ್ಲಿನ ನಾಲಿಗೆಬದಿಯ ಅಂಚು ಸವೆಯದೆ ಉಳಿದು ಚೂಪಾಗುತ್ತವೆ. ಹಗಲೂ ರಾತ್ರಿ ಮೇಯುವ ಕುದುರೆಗಿಂತ ಲಾಯದಲ್ಲಿ ನಿಂತು ಹೊತ್ತುಹೊತ್ತಿಗೆ ತಿನ್ನುವ ಪಂದ್ಯದ ಕುದುರೆ, ಪೊಲೀಸ್ ಕುದುರೆ, ಜಟಕಾ ಕುದುರೆಗಳಿಗೆ ಈ ತೊಂದರೆ ಹೆಚ್ಚು.

ನೋವು ಹುಟ್ಟುವ ಜಾಗಗಳು

ಚೂಪಾದ ಅಂಚು ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ದು ಹುಣ್ಣು ಮಾಡುತ್ತದೆ. ಮೂಗಿನ ಪಟ್ಟಿ ಬಿಗಿದಾಗ ಕೆನ್ನೆ ಆ ಅಂಚಿಗೆ ಒತ್ತಿಕೊಳ್ಳುತ್ತದೆ. ಲಗಾಮು ಎಳೆದಾಗ ಕುದುರೆ ತಲೆ ಕೊಡವಿದರೆ ಅದನ್ನು ಮೊಂಡುತನ ಎಂದು ಹೊಡೆಯುವವರಿದ್ದಾರೆ. ಹೊಡೆಯುವ ಮುಂಚೆ ಬಾಯಿ ನೋಡಬೇಕು.

ಇದಕ್ಕಿಂತ ಹೆಚ್ಚು ನೋಯುವುದು ಹಲ್ಲುಸಂದಿಯ ಬೇನೆ. ಒಂದು ಸಾಲಿನ ಆರು ದವಡೆಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಒಂದೇ ಹಲ್ಲಿನಂತೆ ನಿಲ್ಲಬೇಕು. ನಡುವೆ ಸಣ್ಣ ಸಂದಿ ಬಿಟ್ಟರೆ ಅಗಿದಾಗಲೆಲ್ಲ ಹುಲ್ಲಿನೆಳೆ ಅಲ್ಲಿಗೆ ತುರುಕಿಕೊಳ್ಳುತ್ತದೆ. ಮೇಲೆ ಕಿರಿದು, ವಸಡಿನ ಕಡೆ ಅಗಲವಾದ ಸಂದಿಯಂತೂ ಒಳಹೋದದ್ದನ್ನು ಹೊರಬಿಡುವುದೇ ಇಲ್ಲ. ಮೇವು ಕೊಳೆತು ವಸಡು ಹುಣ್ಣಾಗಿ, ಹಲ್ಲನ್ನು ಹಿಡಿದ ನಾರುಗಳು ಕರಗಿ, ಆಳದ ಕುಳಿ ಬೀಳುತ್ತದೆ. ಒಮ್ಮೆ ಅಂಥ ಸಂದಿಯನ್ನು ವೈದ್ಯರು ಬಿಡಿಸುವಾಗ ಪಕ್ಕದಲ್ಲಿ ನಿಂತಿದ್ದೆ. ಉದ್ದನೆಯ ಕೊಕ್ಕೆಯ ತುದಿಗೆ ಹಸಿರುಗಪ್ಪು ಬತ್ತಿಯಂತೆ ಹುಲ್ಲು ಎದ್ದುಬಂತು, ಅದರ ಹಿಂದೆಯೇ ಲಾಯವೆಲ್ಲ ತುಂಬುವ ದುರ್ವಾಸನೆ. ಅರೆಪ್ರಜ್ಞೆಯಲ್ಲಿದ್ದ ಕುದುರೆಯೂ ಆ ಜಾಗ ಮುಟ್ಟಿದಾಗ ಮೈ ಸೆಳೆದುಕೊಂಡಿತು. ಹುಲ್ಲು ಉಗುಳುವ ಕುದುರೆಯಲ್ಲಿ ಮೊದಲು ಅನುಮಾನಿಸಬೇಕಾದ ಬೇನೆ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಲ್ಲಿನ ಬುಡಕ್ಕೆ ಸೋಂಕು ತಗುಲಿದರೆ ಅದು ಮುಖದ ಮೇಲೆ ಕಾಣಿಸಿಕೊಳ್ಳುತ್ತದೆ. ಕೆಳಹಲ್ಲಾದರೆ ದವಡೆಯ ಅಡಿಯಲ್ಲಿ ಗಟ್ಟಿ ಗಂಟೆದ್ದು ಕೀವು ಸೋರಬಹುದು. ಮೇಲ್ದವಡೆಯ ಹಿಂದಿನ ಮೂರು ನಾಲ್ಕು ಹಲ್ಲುಗಳ ಬೇರು ಕೆನ್ನೆಮೂಳೆಯೊಳಗಿನ ಗಾಳಿಕೋಣೆಯ ಪಕ್ಕದಲ್ಲೇ ಇರುವುದರಿಂದ, ಅಲ್ಲಿನ ಕೀವು ಒಂದೇ ಹೊಳ್ಳೆಯಿಂದ ನಾರುತ್ತಾ ಇಳಿಯುತ್ತದೆ. ಸಾಲಿನಲ್ಲಿ ನಾಲ್ಕನೆಯ ಹಲ್ಲು ಒಂದು ವರ್ಷದ ಪ್ರಾಯದಲ್ಲೇ ಹುಟ್ಟುವ ಕಾರಣ ಉಳಿದವಕ್ಕಿಂತ ಹಳೆಯದು. ಮೇಲ್ದವಡೆಯಲ್ಲಿ ಹುಳುಕು ಹಿಡಿದು ಸೀಳುವುದು ಹೆಚ್ಚಾಗಿ ಅದೇ.

ವಯಸ್ಸು 15 ದಾಟಿದ ಕುದುರೆಗಳ ಬಾಚಿಹಲ್ಲು ಮತ್ತು ಕೋರೆಗೆ ಬರುವ ಇನ್ನೊಂದು ರೋಗಕ್ಕೆ 2008ರಲ್ಲಷ್ಟೇ ಸರಿಯಾದ ಹೆಸರು ಸಿಕ್ಕಿತು. ಇಒಟಿಆರ್‌ಎಚ್ ಎಂಬುದು ಅದರ ಸಂಕ್ಷಿಪ್ತ ರೂಪ. ದೇಹದ ಜೀವಕೋಶಗಳೇ ಹಲ್ಲಿನ ಬೇರನ್ನು ಕರಗಿಸುತ್ತವೆ, ಸುತ್ತ ಸಿಮೆಂಟಿನಂಥ ಪದಾರ್ಥ ಉಬ್ಬಿ ಬೆಳೆಯುತ್ತದೆ. ವಸಡು ಊದಿ ಕೆಂಪು ಚುಕ್ಕೆಗಳೇಳುತ್ತವೆ. ಕ್ಯಾರೆಟ್ ಕಂಡರೆ ಓಡಿಬರುತ್ತಿದ್ದ ಕುದುರೆ ಈಗ ಅದನ್ನು ಮೂಸಿ ಬಿಡುತ್ತದೆ. ಕಚ್ಚಲು ನೋವು.

ಎಳೆಯ ಕುದುರೆಗಳಲ್ಲಿ ಹಲ್ಲು ಬದಲಾಗುವಾಗ ಬಾಚಿಯ ಹಿಂದಿನ ಅಂಗುಳು ಉಬ್ಬುವುದುಂಟು. ಹಿಂದೆ ಅದನ್ನು ರೋಗವೆಂದು ತಿಳಿದು ಕೊಯ್ಯುತ್ತಿದ್ದರು, ಕಾಸಿದ ಕಬ್ಬಿಣದಿಂದ ಸುಡುತ್ತಿದ್ದರು. ಅದು ಬೆಳವಣಿಗೆಯ ಸಹಜ ಉಬ್ಬು, ತಾನಾಗಿ ಇಳಿಯುತ್ತದೆ. ಅದಕ್ಕೆ ಬೆಂಕಿ ಮುಟ್ಟಿಸುವುದು ಕ್ರೌರ್ಯ.

ಕಣ್ಣಿಗೆ ಬೀಳುವ ಗುರುತುಗಳು

ಹುಲ್ಲಿನ ಸುರುಳಿ, ವಾರೆ ತಲೆ, ನಿಧಾನವಾದ ಊಟ, ಬಾಯಿನಾತ, ಜೊಲ್ಲು ಇವೆಲ್ಲ ಮೇವಿನ ಹೊತ್ತಿಗೆ ಕಾಣುತ್ತವೆ. ಲದ್ದಿಯನ್ನೂ ಮುರಿದು ನೋಡಬೇಕು. ಉದ್ದನೆಯ ನಾರು, ಇಡಿಯಾದ ಕಾಳು ಇದ್ದರೆ ಮೇಲೆ ಅರೆದಿಲ್ಲವೆಂದೇ ಅರ್ಥ. ಹಸುವಿಗಾದರೆ ಮೆಲುಕು ಹಾಕುವ ಎರಡನೇ ಅವಕಾಶವಿದೆ, ಕುದುರೆಗಿಲ್ಲ. ಸರಿಯಾಗಿ ಅಗಿಯದ ಮೇವು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು, ಕರುಳಿನಲ್ಲಿ ಕಟ್ಟಿಕೊಂಡು ಜೀವಕ್ಕೇ ಕುತ್ತಾಗುವ ಹೊಟ್ಟೆಶೂಲೆ ತರಬಹುದು.

ಬಾಯಿಗೆ ಕೈ ಹಾಕುವ ಮುನ್ನ

ನಮ್ಮ ದೇಶದಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಜೊಲ್ಲು ಸುರಿಸುವ, ನುಂಗಲಾರದ ಕುದುರೆಗೆ ಹುಚ್ಚುನಾಯಿ ರೋಗವೂ ಇರಬಹುದು. ಏನೋ ಸಿಕ್ಕಿಕೊಂಡಿದೆ ಎಂದು ಬರಿಗೈ ತೂರಿಸುವುದು ಅಪಾಯ. ಮೂಗಿನಿಂದ ಕೀವು ಬಂದರೆ ಗ್ಲ್ಯಾಂಡರ್ಸ್ ಅಲ್ಲವೆಂದು ಖಾತ್ರಿಯಾಗಬೇಕು. ಅದು ಮನುಷ್ಯರಿಗೂ ಅಂಟುವ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಎರಡನ್ನೂ ಪಶುವೈದ್ಯರು ತಳ್ಳಿಹಾಕಿದ ಮೇಲೆ ಹಲ್ಲಿನ ಮಾತು.

ತುಟಿಗೆ ಹುರಿ ಬಿಗಿದು, ನಾಲ್ಕು ಜನ ಹಿಡಿದುಕೊಂಡು ಮಾಡುವ ತಪಾಸಣೆಯಲ್ಲಿ ನೋವಿನ ಮೂಲ ಸಿಗುವುದಿಲ್ಲ. ಕುದುರೆಯನ್ನು ನಿಂತಂತೆಯೇ ಮಂಪರಿಗೆ ತರುವ ಚುಚ್ಚುಮದ್ದುಗಳಿವೆ: ಜೈಲಜೀನ್, ಡೆಟೊಮಿಡಿನ್, ಜೊತೆಗೆ ಬ್ಯೂಟಾರ್ಫನಾಲ್. ಆಮೇಲೆ ಬಾಯಿ ತೆರೆದಿಡುವ ಚೌಕಟ್ಟು ತೊಡಿಸಿ, ಬಾಯಿ ತೊಳೆದು, ದೀಪ ಮತ್ತು ಉದ್ದ ಹಿಡಿಯ ಕನ್ನಡಿಯಿಂದ ಒಂದೊಂದೇ ಹಲ್ಲನ್ನು ನೋಡಬೇಕು. ಬೇರಿನ ಸೋಂಕಿನ ಅನುಮಾನವಿದ್ದರೆ ಎಕ್ಸ್‌ರೇ ಬೇಕೇ ಬೇಕು. ಹಳ್ಳಿಯ ಕುದುರೆಯಾದರೆ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯುವುದು ಉತ್ತಮ.

ಅರ ಹಾಕುವುದು, ಎಷ್ಟು ಬೇಕೋ ಅಷ್ಟು

ಚೂಪು ಅಂಚುಗಳನ್ನು ಅರದಿಂದ ಉಜ್ಜಿ ತೆಗೆದರೆ ಕೆನ್ನೆಯ ಹುಣ್ಣು ಕೆಲವೇ ದಿನಗಳಲ್ಲಿ ಮಾಯುತ್ತದೆ. ಆದರೆ ಹಲ್ಲಿನ ಮೇಲ್ಮೈಯ ಏರುತಗ್ಗುಗಳೇ ಅರೆಯುವ ಕಲ್ಲಿನ ಹಲ್ಲುಗಳು. ಅವನ್ನೂ ಸಪಾಟು ಮಾಡಿದರೆ ಕುದುರೆ ಹುಲ್ಲು ಅರೆಯಲಾರದು. ಮೋಟಾರಿನ ಅರ ಬೇಗ ಕೆಲಸ ಮಾಡುತ್ತದೆ, ಬೇಗ ಕೆಡಿಸುತ್ತದೆ ಕೂಡ. ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ ಶಾಖಕ್ಕೆ ಒಳಗಿನ ಜೀವಂತ ತಿರುಳು ಸಾಯುತ್ತದೆ. ಅತಿಯಾಗಿ ಬೆಳೆದ ಹಲ್ಲನ್ನು ಕೆಲವು ತಿಂಗಳ ಅಂತರದಲ್ಲಿ ಸ್ವಲ್ಪಸ್ವಲ್ಪವೇ ತಗ್ಗಿಸಬೇಕು. ಸಾಮಾನ್ಯ ಕುದುರೆಗೆ ವರ್ಷಕ್ಕೊಂದು ತಪಾಸಣೆ ಸಾಕು. ಹಲ್ಲು ಬದಲಾಗುವ ಎರಡೂವರೆಯಿಂದ ಐದು ವರ್ಷದವರೆಗೆ, ಮತ್ತೆ ಮುಪ್ಪಿನಲ್ಲಿ, ಆರು ತಿಂಗಳಿಗೊಮ್ಮೆ ಬೇಕು.

ಸಂದಿಬೇನೆ ಅರಕ್ಕೆ ಬಗ್ಗುವುದಿಲ್ಲ. ಸಿಕ್ಕಿದ ಮೇವನ್ನು ಪೂರ್ತಿ ತೆಗೆದು, ನೀರಿನ ಒತ್ತಡದಿಂದ ಕುಳಿ ತೊಳೆದು, ಮತ್ತೆ ಮೇವು ಹೋಗದಂತೆ ಅಚ್ಚಿನ ಪದಾರ್ಥದಿಂದ ಮುಚ್ಚುತ್ತಾರೆ. ಕೆಲವು ಸಂದಿಗಳನ್ನು ಬೇಕೆಂದೇ ಅಗಲ ಮಾಡುತ್ತಾರೆ, ಹೋದದ್ದು ಹೊರಬರಲಿ ಎಂದು. ಪಕ್ಕದಲ್ಲೇ ತಿರುಳು ಇರುವುದರಿಂದ ಇದು ಪಳಗಿದ ಕೈಯ ಕೆಲಸ.

ಹಲ್ಲು ಕೀಳುವುದು

ಬೇರಿನ ಸೋಂಕು ಆ್ಯಂಟಿಬಯಾಟಿಕ್‌ಗೆ ತಗ್ಗಿದಂತೆ ಕಂಡರೂ ಮದ್ದು ನಿಲ್ಲಿಸಿದ ಮೇಲೆ ಮರುಕಳಿಸುವುದೇ ಹೆಚ್ಚು. ಕೊನೆಗೆ ಹಲ್ಲನ್ನು ತೆಗೆಯಬೇಕಾಗುತ್ತದೆ. ಮೊದಲು ಕುದುರೆಯನ್ನು ಪೂರ್ತಿ ಮಲಗಿಸಿ, ಮೂಳೆಗೆ ತೂತು ಮಾಡಿ, ಹಲ್ಲನ್ನು ಬೇರಿನ ಕಡೆಯಿಂದ ಹೊಡೆದು ಹೊರತಳ್ಳುತ್ತಿದ್ದರು, ತೊಡಕುಗಳು ವಿಪರೀತ. ಈಗ ನಿಂತ ಕುದುರೆಗೇ ಮಂಪರು ಕೊಟ್ಟು, ಆ ಭಾಗದ ನರಕ್ಕೆ ಮರಗಟ್ಟಿಸುವ ಮದ್ದು ಚುಚ್ಚಿ, ಇಕ್ಕಳದಿಂದ ಹಲ್ಲನ್ನು ಸಣ್ಣಗೆ ಅಲುಗಿಸುತ್ತಾ ಬಾಯಿಂದಲೇ ತೆಗೆಯುತ್ತಾರೆ. ತಾಸುಗಟ್ಟಲೆ ಹಿಡಿಯಬಹುದು. ಅವಸರಪಟ್ಟರೆ ಬೇರು ಮುರಿದು ಒಳಗುಳಿಯುತ್ತದೆ.

ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುವ ರೋಗ. ಬಾಯಿಯ ಗಾಯವಿದ್ದಾಗ ಅದರ ಲಸಿಕೆ ಹಾಕಿಸಿದೆಯೇ ಎಂದು ನೋಡಲೇಬೇಕು. ಕಿತ್ತ ಹಲ್ಲಿನ ಎದುರಿನ ಹಲ್ಲು ಸವೆಯದೆ ಬೆಳೆಯುತ್ತಲೇ ಇರುವುದರಿಂದ, ಅದನ್ನು ಆರು ತಿಂಗಳಿಗೊಮ್ಮೆ ಬಾಳಿನುದ್ದಕ್ಕೂ ತಗ್ಗಿಸುತ್ತಿರಬೇಕು. ಬಾಚಿಹಲ್ಲುಗಳು ಕರಗುವ ರೋಗದಲ್ಲಿ ಎಲ್ಲ ಬಾಚಿಗಳನ್ನೂ ತೆಗೆಯುವುದುಂಟು. ಕೇಳಲು ಭಯವಾಗುತ್ತದೆ. ಆದರೆ ಗಾಯ ಮಾಯ್ದ ಮೇಲೆ ಕುದುರೆ ತುಟಿಯಿಂದಲೇ ಹುಲ್ಲು ಸೆಳೆದು ತಿಂದು ಮೈ ತುಂಬಿಕೊಳ್ಳುತ್ತದೆ.

ನೋವಿನ ಮದ್ದು

ಫೆನೈಲ್‌ಬ್ಯೂಟಜೋನ್, ಫ್ಲುನಿಕ್ಸಿನ್, ಮೆಲಾಕ್ಸಿಕಾಮ್ ಕುದುರೆಗೆ ಬಳಸುವ ನೋವುನಿವಾರಕಗಳು. ಇವು ಚಿಕಿತ್ಸೆಯ ಜೊತೆಗಿರಬೇಕೇ ಹೊರತು ಅದರ ಬದಲಿಗಲ್ಲ. ಪುಡಿ ಕಲಸಿ ತಿಂಗಳುಗಟ್ಟಲೆ ತಿನ್ನಿಸಿದರೆ ಹೊಟ್ಟೆ, ಕರುಳಿನಲ್ಲಿ ಹುಣ್ಣಾಗಬಹುದು, ಮೂತ್ರಪಿಂಡವೂ ಕೆಡಬಹುದು. ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಲೇಬಾರದು. ಜಾನುವಾರುಗಳಿಗೆ ಡೈಕ್ಲೊಫೆನಾಕ್ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಆ ಮದ್ದು ಉಳಿದ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2023ರಲ್ಲಿ ಕೀಟೊಪ್ರೊಫೆನ್ ಕೂಡ ಆ ಪಟ್ಟಿ ಸೇರಿತು. ಮೆಲಾಕ್ಸಿಕಾಮ್ ಹದ್ದುಗಳಿಗೆ ಸುರಕ್ಷಿತ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳನ್ನು ನೆನೆದರೆ, ಔಷಧದಂಗಡಿಯ ಈ ಆಯ್ಕೆ ಸಣ್ಣದಲ್ಲ.

ನೋಯುವ ಬಾಯಿಗೆ ಮೇವು

ಸಂದಿಬೇನೆಯ ಕುದುರೆಗೆ ಒರಟು ಒಣಹುಲ್ಲು, ಬೆರಳುದ್ದ ಕತ್ತರಿಸಿದ ಮೇವು ಎರಡೂ ಕೆಟ್ಟವು, ನೇರ ಸಂದಿಗೆ ನುಗ್ಗುತ್ತವೆ. ಎಳೆಯ ಹಸಿಹುಲ್ಲು, ಗರಿಕೆ ಒಳ್ಳೆಯದು. ಹಲ್ಲೇ ಉಳಿಯದ ಮುದಿ ಕುದುರೆಗೆ ನುಣ್ಣಗೆ ಪುಡಿ ಮಾಡಿದ ಒಣಹುಲ್ಲು ಅಥವಾ ಹುಲ್ಲಿನ ಗುಳಿಗೆಯನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಗಂಜಿಯಂತೆ ಕಲಸಿ ಕೊಡಬೇಕು. ನೆನೆಯದ ಗುಳಿಗೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಬೇಯಿಸಿದ ಹುರುಳಿ, ಬೂಸ ಜೊತೆಗಿರಲಿ, ಆದರೆ ನಾರಿನ ಜಾಗವನ್ನು ಅವು ತುಂಬಲಾರವು. ಬರೀ ಹುರುಳಿಯ ಮೇಲೆ ನಿಂತ ಕುದುರೆಗೆ ಹೊಟ್ಟೆ ಕೆಡುತ್ತದೆ. ಕಲಸಿದ ಮೇವನ್ನು ದಿನಕ್ಕೆ ನಾಲ್ಕೈದು ಸಲ ಹಂಚಿ ಕೊಡಬೇಕು. ನಮ್ಮ ಬೇಸಿಗೆಗೆ ಅದು ಬೇಗ ಹುಳಿಯುವುದರಿಂದ ಮಿಕ್ಕದ್ದನ್ನು ಆಗಲೇ ಚೆಲ್ಲಿ ಬಾನಿ ತೊಳೆದಿಡಬೇಕು. ತೂಕ ನೋಡಲು ತಕ್ಕಡಿ ಬೇಕಿಲ್ಲ. ಮುಂಗಾಲ ಹಿಂದೆ ಎದೆಯ ಸುತ್ತ ದಾರ ಹಾಕಿ ಗಂಟು ಕಟ್ಟಿ, ಹದಿನೈದು ದಿನಕ್ಕೊಮ್ಮೆ ಅದೇ ದಾರವನ್ನು ಅದೇ ಜಾಗಕ್ಕೆ ಸುತ್ತಿ ನೋಡಿದರೆ, ಗಂಟು ಯಾವ ಕಡೆ ಸರಿದಿದೆ ಎಂಬುದು ಕಾಣುತ್ತದೆ.