ಹಿನ್ನೀರಿನಾಚೆಯ ಜನಸಂಖ್ಯೆ: ತುಮರಿ ಸೀಮೆಯ ಸಾರಿಗೆ ಕುರಿತ ಒಂದು ವಿವೇಚನೆ

ಜನ ಹೆಚ್ಚಿರುವಲ್ಲಿಗೆ ರಸ್ತೆ, ರಸ್ತೆ ಇರುವಲ್ಲಿಗೆ ಬಸ್ಸು: ಗ್ರಾಮೀಣ ಸಾರಿಗೆಯ ಯೋಜನೆಗಳೆಲ್ಲ ಈ ಸರಳ ಲೆಕ್ಕದ ಮೇಲೆ ನಿಂತಿವೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ತುಮರಿ ಹಾಗೂ ಸುತ್ತಲಿನ ಹಳ್ಳಿಗಳ ಇತಿಹಾಸ ನೋಡಿದರೆ ಈ ಲೆಕ್ಕ ನಿಲ್ಲುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಊರು, ಗದ್ದೆ, ತೋಟಗಳ ಜೊತೆಗೆ ದಾರಿಗಳೂ ಮುಳುಗಿದವು. ಬಹುಪಾಲು ಸಂತ್ರಸ್ತರು ಜಿಲ್ಲೆಯ ಬೇರೆ ಕಡೆಗಳ ಕಾಡಂಚಿಗೆ ಹೋದರು. ಎತ್ತರದ ನೆಲದಲ್ಲಿ ಉಳಿದವರಿಗೆ ತಾಲ್ಲೂಕು ಕೇಂದ್ರ ಹಿನ್ನೀರಿನಾಚೆಯ ಊರಾಯಿತು. ಜನ ವಿರಳವಾದದ್ದೂ ದಾರಿ ಕಡಿದದ್ದೂ ಒಂದೇ ಯೋಜನೆಯಿಂದ. ಹೀಗಿರುವಾಗ ಮೊದಲನೆಯದನ್ನು ಎರಡನೆಯದಕ್ಕೆ ಸಮರ್ಥನೆಯಾಗಿ ಬಳಸುವುದು ನ್ಯಾಯವಲ್ಲ.

ಆದರೆ ನಿಯಮಗಳು ಆ ಸಮರ್ಥನೆಯನ್ನೇ ಬೇಡುತ್ತವೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ರಸ್ತೆ ಪಡೆಯಲು ಬಯಲು ಪ್ರದೇಶದ ಜನವಸತಿಗೆ ಕನಿಷ್ಠ 500 ಜನಸಂಖ್ಯೆಯ ಮಿತಿ ಹಾಕಿತು. ಗುಡ್ಡಗಾಡು ರಾಜ್ಯಗಳಿಗೆ, ಮರುಭೂಮಿಗೆ, ಸಂವಿಧಾನದ ಐದನೆಯ ಅನುಸೂಚಿಯ ಬುಡಕಟ್ಟು ಪ್ರದೇಶಗಳಿಗೆ ಅದು 250. ಕರ್ನಾಟಕ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಐದನೆಯ ಅನುಸೂಚಿಯ ಪ್ರದೇಶವೂ ಇಲ್ಲಿಲ್ಲ. ಮಲೆನಾಡಿನಲ್ಲಿ ಊರೆಂದರೆ ಒತ್ತೊತ್ತಾದ ಕೇರಿಯಲ್ಲ. ಗುಡ್ಡಕ್ಕೆರಡು ಮನೆ, ಕಣಿವೆಗೊಂದು ತೋಟ. ಕಂದಾಯ ಗ್ರಾಮದ ಜನಸಂಖ್ಯೆ ಸಾಲುವಷ್ಟಿದ್ದರೂ ಅದು ಹತ್ತಾರು ಮಜರೆಗಳಲ್ಲಿ ಹಂಚಿಹೋಗಿರುತ್ತದೆ, ಒಂದೊಂದು ಮಜರೆಯೂ ಮಿತಿಗಿಂತ ಕೆಳಗೇ ಉಳಿಯುತ್ತದೆ. ಬಯಲಿನ ಅಳತೆಗೋಲು ಇಲ್ಲಿ ಸೋಲುವುದು ಈ ಕಾರಣಕ್ಕೆ.

ಜನಗಣತಿಯ ಗ್ರಾಮ ಕೈಪಿಡಿಯಲ್ಲಿ ತೊಡಕು ಬೇರೆ ಬಗೆಯದು. 2011ರ ಕೈಪಿಡಿ ಬಸ್ ಸೌಕರ್ಯ ಊರಲ್ಲಿದೆಯೇ ಎಂದು ಕೇಳುತ್ತದೆ. ಇಲ್ಲವಾದರೆ ಅದು 5 ಕಿಲೋಮೀಟರಿನೊಳಗೋ, 5ರಿಂದ 10ರೊಳಗೋ, ಅದಕ್ಕೂ ಆಚೆಯೋ ಎಂದು ಗುರುತಿಸುತ್ತದೆ. ದಿನಕ್ಕೆ ಒಂದು ಬಸ್ಸು ಬಂದರೂ ಹತ್ತು ಬಂದರೂ ಉತ್ತರ 'ಇದೆ' ಎಂದೇ. ದೂರದ ಲೆಕ್ಕವೂ ಇಲ್ಲಿ ನಿಲ್ಲುವುದಿಲ್ಲ. ಸಾಗರದ ಕಡೆಯ ಅಂಬಾರಗೋಡ್ಲು ಮತ್ತು ತುಮರಿ ಕಡೆಯ ಕಳಸವಳ್ಳಿ ದಡಗಳ ನಡುವಿನ ನೀರಹಾದಿ ಮೂರು ಕಿಲೋಮೀಟರೂ ಇಲ್ಲ. ನೀರನ್ನು ಸುತ್ತುಬಳಸಿ ರಸ್ತೆಯಲ್ಲೇ ಸಾಗರಕ್ಕೆ ಹೋಗುವುದಾದರೆ ಹಲವು ಹತ್ತು ಕಿಲೋಮೀಟರ್. ಸೇತುವೆಯಿಲ್ಲದ ದಿನಗಳಲ್ಲಿ, ದಡದಿಂದ ದಡಕ್ಕೆ ದಾಟಿಸುವ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಕಾಣಿಸಿಕೊಂಡವಳಿಗೆ ಈ ಎರಡರಲ್ಲಿ ಯಾವುದು ದೂರವಾಗಿತ್ತು? 2023ರಲ್ಲಿ ಮಳೆ ತಡವಾಗಿ ನೀರು ತೀರಾ ಇಳಿದಾಗ ಲಾಂಚಿನಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ದೂರವೆಂಬುದು ಇಲ್ಲಿ ಗಡಿಯಾರವನ್ನೂ ಜಲಾಶಯದ ಮಟ್ಟವನ್ನೂ ಅವಲಂಬಿಸಿತ್ತು.

ಈ ಎರಡು ದಡಗಳನ್ನು ಜೋಡಿಸುವ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕೇಬಲ್ ಆಧಾರಿತ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗಿ ಆರು ದಶಕಗಳ ಬೇಡಿಕೆ ಈಡೇರಿತು. ಗ್ರಾಮೀಣ ರಸ್ತೆ ಯೋಜನೆಯಿಂದಲ್ಲ, ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿ. ಸ್ಥಳೀಯರ ತಲೆಯೆಣಿಕೆಯೊಂದನ್ನೇ ನೆಚ್ಚಿದ್ದರೆ ಇಷ್ಟು ದೊಡ್ಡ ವೆಚ್ಚಕ್ಕೆ ಒಪ್ಪಿಗೆ ಸಿಗುತ್ತಿತ್ತೆಂದು ನನಗನಿಸುವುದಿಲ್ಲ. ತುಮರಿ ಸೀಮೆಯಲ್ಲೇ ಇರುವ ಸಿಗಂದೂರು ಚೌಡೇಶ್ವರಿ ದೇವಸ್ಥಾನದ ದರ್ಶನಕ್ಕೆ ಬರುವ ಭಕ್ತರ ದಟ್ಟಣೆ ಈ ಬೇಡಿಕೆಗೆ ಬಲ ಕೊಟ್ಟಿತೆಂಬುದು ನನ್ನ ಅಭಿಪ್ರಾಯ. ದೇವಸ್ಥಾನವಿಲ್ಲದ ಹಿನ್ನೀರ ಹಳ್ಳಿಗಳಿಗೆ ಆ ಬಲವಿಲ್ಲ.

ಸೇತುವೆಯಾದರೂ ಬಸ್ಸಿನ ಪ್ರಶ್ನೆ ಉಳಿಯುತ್ತದೆ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಡಿ ಮಹಿಳೆಯರ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ಮಲೆನಾಡಿನ ಒಳದಾರಿಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ ನಡೆಸಿದ ಬಸ್ ಸಂಸ್ಥೆ 'ಸಹಕಾರ ಸಾರಿಗೆ' 2020ರಲ್ಲಿ ನಿಂತುಹೋದದ್ದು ಲಾಭದ ಲೆಕ್ಕಕ್ಕೆ ಸಿಗದ ಮಾರ್ಗಗಳ ಸ್ಥಿತಿಯನ್ನು ಹೇಳುತ್ತದೆ.

ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದರ ಗ್ರಾಮ ಕೈಪಿಡಿಯಲ್ಲಿ ಮಜರೆವಾರು ಜನಸಂಖ್ಯೆ, ದಿನದ ಬಸ್ ಟ್ರಿಪ್ಪುಗಳ ಸಂಖ್ಯೆ, ಮಳೆಗಾಲದಲ್ಲಿ ಆಸ್ಪತ್ರೆಗೆ ತಗಲುವ ಸಮಯ ಈ ಮೂರನ್ನೂ ದಾಖಲಿಸಬೇಕು.